ಡಿಗ್ನಿಟಿ ಅಂದ್ರ ಮರ್ಯಾದಿನಾ ಸರ್?

ನಾನು ರಾಯಚೂರಾಗ ಕಾಂಪಿಟೇಟಿವ್ ಎಕ್ಸಾಮಿಗೆ ಓದೋ ಹುಡುಗ್ರಿಗೆ ಇಂಗ್ಲಿಷ್ ಹೇಳಿಕೊಡ್ತೀನಿ, ಪ್ರತಿ ಬ್ಯಾಚ್‌ನ್ಯಾಗೂ ಒಬ್ರು ಕೇಳೇ ಕೇಳ್ತಾರ, ಸರ್ ಡಿಗ್ನಿಟಿಗೆ ಕನ್ನಡದಾಗ ಏನು ಬರೀಬೇಕು, ಮರ್ಯಾದಿ ಅಂತ ಬರದ್ರ ನಡೀತದಾ?

ನಡೆಯಂಗಿಲ್ಲ. ಮರ್ಯಾದಿ ಒಬ್ರು ಕೊಡೋದು, ಇನ್ನೊಬ್ರು ತಗೊಳ್ಳೋದು. ಸಾವ್ಕಾರ ಬಂದ್ರ ಕುರ್ಚಿ ಹಾಕ್ತೀವಿ, ಅದು ಮರ್ಯಾದಿ. ಕುರ್ಚಿ ಹಾಕಿದ್ರೂ ಹಾಕದಿದ್ರೂ ಮನುಷ್ಯಾನ ಹತ್ರ ಇರೋದು ಡಿಗ್ನಿಟಿ, ಅದಕ್ಕ ಘನತೆ ಅಂತ ಬರೀರಿ. ಸಂವಿಧಾನದ ಪೀಠಿಕೆಯ ಕನ್ನಡದಾಗ ‘ವ್ಯಕ್ತಿಗೌರವ’ ಅಂತದ, ಅದೂ ಸರಿನ, ಆದ್ರ ನನಗ ಘನತೆನೇ ಹತ್ತಿರ ಅನಸ್ತದ.

ಲ್ಯಾಟಿನ್‌ನ್ಯಾಗ ‘ಡಿಗ್ನುಸ್’ ಅಂದ್ರ ಯೋಗ್ಯ. ಮೊದಲು ಡಿಗ್ನಿಟಿ ಅಂದ್ರ ದೊಡ್ಡೋರ ಪದವಿ, ಅಂತಸ್ತು, ಡಿಗ್ನಿಟರಿ (ದೊಡ್ಡ ಪದವಿಯಾಗಿರೋರು) ಅನ್ನೋ ಪದದಾಗ ಆ ಅರ್ಥ ಇನ್ನೂ ಉಳದದ, ನಮ್ಮಲ್ಲಿ ರಾಜ್ಯಪಾಲರಿಗೆ ‘ಘನತೆವೆತ್ತ’ ಅಂದಂಗ. ಆದ್ರ 1948ರ ಡಿಸೆಂಬರ್ 10ಕ್ಕ ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ ಒಂದನೇ ಕಲಮಿನಾಗ ಎಲ್ಲಾ ಮನುಷ್ಯಾರೂ ಘನತೆಯಲ್ಲಿ ಸಮಾನರಾಗಿ ಹುಟ್ತಾರ ಅಂತ ಬಂತು, ಅಂದ್ರ ಕುರ್ಚಿಗೆ ಅಂಟಿದ್ದ ಪದ ಹುಟ್ಟಿಗೆ ಬಂತು.

ಗ್ರಾಮರ್ ಕೇಳೋರಿಗೆ: ಇದು ನಾಮಪದ, ಈ ಅರ್ಥದಾಗ ಎಣಿಸಕ್ಕ ಬರಂಗಿಲ್ಲ, ಬರೇ ‘ಡಿಗ್ನಿಟಿ’ಗೆ ಮೊದಲು ‘ಎ’ ಹಚ್ಚಬ್ಯಾಡ್ರಿ. ‘ವಿತ್ ಡಿಗ್ನಿಟಿ’ ಅಂದ್ರ ಘನತೆಯಿಂದ, ವಿಶೇಷಣ ‘ಡಿಗ್ನಿಫೈಡ್’. ಬಹುವಚನ ‘ಡಿಗ್ನಿಟೀಸ್’ ಸಿಕ್ರ ಅದು ಆ ಹಳೇ ಪದವಿಗಳ ಅರ್ಥ. ಆದ್ರ ವಿರುದ್ಧ ಪದ ‘ಇನ್‌ಡಿಗ್ನಿಟಿ’, ಅಂದ್ರ ಅವಮಾನ, ಅದು ಇದೇ ಅರ್ಥದಾಗ ಬಹುವಚನ ಆಗ್ತದ. ಕನ್ನಡನೂ ಹಂಗ ನೋಡ್ರಿ, ಅವಮಾನಗಳು ಅಂತೀವಿ, ಘನತೆಗಳು ಅನ್ನಂಗಿಲ್ಲ. ಇದನ್ನ ಮೊದಲ ಸಲ ಬೋರ್ಡಿನ ಮ್ಯಾಲೆ ಬರದಾಗ ನಾನೇ ಒಂದು ಗಳಿಗಿ ಸುಮ್ನ ನಿಂತಿದ್ದೆ.

ಇನ್ನ ಮಾತಿನ್ಯಾಗ ಘನತೆ ಅಂತ ಯಾರೂ ಅನ್ನಂಗಿಲ್ಲ, ಅದು ಪೇಪರಿನ ಪದ ಅಂತ ಹುಡುಗ್ರು ಅಂತಾರ. ಖರೇ. ನಮ್ಮವ್ವ ಒಂದ್ಸಲ ಪೆನ್ಶನ್ ಕೇಳಾಕ ಒಂದು ಆಫೀಸಿಗೆ ಹೋಗಿ ಮಧ್ಯಾಹ್ನದ ಮಟ ನೆಲದ ಮ್ಯಾಲೆ ಕುಂತು ಬಂದಿದ್ಲು, ಹೆಸರು ಸುದ್ದಾ ಕೇಳದೆ ‘ಏ ಮುದುಕಿ, ಆ ಕಡಿ ಸರಿ’ ಅಂದಿದ್ರಂತ. ರೊಕ್ಕ ಬರಲಿಲ್ಲ ಅಂತ ಆಕಿ ಅಳಲಿಲ್ಲ. ಚಪ್ಪಲಿ ಬಿಡ್ತಾ ಅಂದಿದ್ದು ಇಷ್ಟ: ‘ಮನುಷ್ಯಾರಂಗ ನೋಡ್ಲಿಲ್ಲಪ್ಪಾ.’

‘ಟ್ರೀಟ್ ವಿತ್ ಡಿಗ್ನಿಟಿ’ ಅನ್ನೋದಕ್ಕ ಪರೀಕ್ಷಾದಾಗ ‘ಘನತೆಯಿಂದ ನಡೆಸಿಕೊಳ್ಳುವುದು’ ಅಂತ ಬರೀರಿ, ಮಾರ್ಕ್ಸ್ ಬರ್ತಾವ. ಮನಿಯಾಗ ಯಾರಾದ್ರೂ ಅರ್ಥ ಕೇಳಿದ್ರ ನಮ್ಮವ್ವನ ಮಾತು ಹೇಳ್ರಿ, ಮನುಷ್ಯಾರಂಗ ನೋಡೋದು.