ಪುಟ್ಟಿಯ ನಿದ್ದೆಗೆ ಹೊಂದಿಸಿದ ಫ್ರಾನ್ಸ್

ಹೊರಡುವುದಕ್ಕೆ ನಾಲ್ಕು ತಿಂಗಳು ಮುಂಚೆಯೇ ನಮ್ಮನೆಯವರು ಒಂದು ಎಕ್ಸೆಲ್ ಶೀಟ್ ಮಾಡಿದ್ದರು. ಪ್ಯಾರಿಸ್, ಲಿಯೋಂ, ಅವಿನ್ಯೋಂ, ನೀಸ್. ಹತ್ತು ದಿನ, ನಾಲ್ಕು ಊರು, ದಿನಕ್ಕೆ ಮೂರು ಜಾಗ. ನಾನು ಅದಕ್ಕೆ ಒಂದೇ ಒಂದು ಕಾಲಂ ಸೇರಿಸಿದೆ: ಪುಟ್ಟಿ ಮಲಗುವ ಹೊತ್ತು, ಹನ್ನೆರಡೂವರೆಯಿಂದ ಎರಡೂವರೆ. ಆ ಕಾಲಂ ಬಂದಮೇಲೆ ಮೊದಲು ಲಿಯೋಂ ಹೋಯಿತು, ಆಮೇಲೆ ನೀಸೂ ಹೋಯಿತು. ಉಳಿದಿದ್ದು ಪ್ಯಾರಿಸ್‌ನಲ್ಲಿ ನಾಲ್ಕು ದಿನ, ಅವಿನ್ಯೋಂ ಹತ್ತಿರದ ಒಂದು ಹಳ್ಳಿಮನೆಯಲ್ಲಿ ಆರು ದಿನ.

"ಆ ಕೂಸನ್ನ ಕಟ್ಕೊಂಡು ಅಷ್ಟು ದೂರ ಯಾಕೆ ಹೋಗ್ತೀರೋ, ಅವಳಿಗೇನು ನೆನಪಿರತ್ತಾ?" ಅಂದರು ಅತ್ತೆ. "ನಮಗೆ ನೆನಪಿರತ್ತಲ್ಲ ಅತ್ತೆ" ಅಂದೆ. ಎರಡು ವರ್ಷ ತುಂಬಿದ್ದರಿಂದ ವಿಮಾನದಲ್ಲಿ ಅವಳಿಗೂ ಪೂರ್ತಿ ಸೀಟಿನ ದುಡ್ಡು ಕಟ್ಟಾಗಿತ್ತು. ಇನ್ನು ಹಿಂದೆ ಸರಿಯೋ ಮಾತೇ ಇರಲಿಲ್ಲ.

ರೈಲೋ ಕಾರೋ ಅನ್ನೋದು ಮನೆಯಲ್ಲಿ ವಾರಗಟ್ಟಲೆ ನಡೆದ ಚರ್ಚೆ. ಪ್ಯಾರಿಸ್‌ನಿಂದ ಅವಿನ್ಯೋಂಗೆ ರಸ್ತೆಯಲ್ಲಿ ಹೆಚ್ಚುಕಮ್ಮಿ 700 ಕಿಲೋಮೀಟರ್. ನಿಲ್ಲಿಸದೆ ಓಡಿಸಿದರೂ ಏಳು ಗಂಟೆ ಹತ್ತಿರ. ಅಷ್ಟು ಹೊತ್ತು ಬೆಲ್ಟ್ ಬಿಗಿದು ಕೂರಿಸಿದರೆ ನಮ್ಮ ಪುಟ್ಟಿ ಫ್ರಾನ್ಸ್‌ನ ಅರ್ಧ ಜನಕ್ಕೆ ಕೇಳುವ ಹಾಗೆ ಅಳುತ್ತಾಳೆ. ಅದೇ ಟಿಜಿವಿ ಅನ್ನುವ ಅಲ್ಲಿನ ಅತಿವೇಗದ ರೈಲಾದರೆ ಎರಡು ಗಂಟೆ ನಲವತ್ತು ನಿಮಿಷ. ಆದರೆ ಅವಿನ್ಯೋಂ ಸುತ್ತಲಿನ ಪ್ರೊವಾನ್ಸ್ ಸೀಮೆಯ ಹಳ್ಳಿಗಳಿಗೆ ಬಸ್ಸು ನಂಬಿಕೊಂಡು ಮಗು ಜೊತೆ ಸುತ್ತೋದು ಕಷ್ಟ. ಹಾಗಾಗಿ ದೂರಕ್ಕೆ ರೈಲು, ಅಲ್ಲಿಂದ ಮುಂದೆ ಬಾಡಿಗೆ ಕಾರು ಅಂತ ಆಯಿತು. ಪ್ಯಾರಿಸ್‌ನಲ್ಲಂತೂ ಕಾರು ತೊಗೊಳ್ಳಲೇಬೇಡಿ, ಸುಮ್ನೆ ತಲೆನೋವು.

ಟಿಜಿವಿ ಟಿಕೆಟ್ಟಿಗೂ ವಿಮಾನದ ಹಾಗೇ ದಿನ ಹೋದಂತೆ ರೇಟು ಏರುತ್ತದೆ. ಮೂರು ತಿಂಗಳು ಮುಂಚೆ ತೆಗೆದಿದ್ದು ಒಳ್ಳೇದಾಯಿತು. ನಾಲ್ಕು ವರ್ಷದೊಳಗಿನ ಮಕ್ಕಳು ತೊಡೆ ಮೇಲೆ ಕೂತರೆ ಫ್ರೀ, ಬೇರೆ ಸೀಟು ಬೇಕಾದರೆ 9 ಯೂರೋ. ನಾವು ಕೊಟ್ಟೆವು. ಇಡೀ ಪ್ರವಾಸದಲ್ಲಿ ಅಷ್ಟು ಸಾರ್ಥಕವಾದ ದುಡ್ಡು ಇನ್ನೊಂದಿಲ್ಲ. ಎಷ್ಟೋ ಟಿಜಿವಿಗಳಿಗೆ ಎರಡು ಮಹಡಿ ಇರುತ್ತದೆ. ಮೇಲಿನಿಂದ ನೋಟ ಚೆನ್ನ, ಆದರೆ ಸಣ್ಣ ಮೆಟ್ಟಿಲು. ಮಗು ಇದ್ದವರು ಕೆಳಗೇ ಸೀಟು ಹಿಡಿಯಬೇಕು.

ಹನ್ನೆರಡರ ಸುಮಾರಿನ ರೈಲು ಆರಿಸಿದ್ದೆವು. ಹತ್ತಿದ ಕೂಡಲೇ ಪುಟ್ಟಿ ಮಲಗುತ್ತಾಳೆ, ಅವಿನ್ಯೋಂನಲ್ಲಿ ಏಳುತ್ತಾಳೆ ಅನ್ನೋದು ಎಕ್ಸೆಲ್ ಶೀಟಿನ ಲೆಕ್ಕ.

ರೈಲು ಹೊರಡುವ ಗಾರ್ ದ ಲಿಯೋಂ ಪ್ಯಾರಿಸ್‌ನಲ್ಲೇ ಇರುವ ಸ್ಟೇಷನ್ನು, ಹೆಸರು ನೋಡಿ ಗಲಿಬಿಲಿ ಬೇಡ. ಹಳೇ ಮೆಟ್ರೋ ಸ್ಟೇಷನ್ನುಗಳಲ್ಲಿ ಲಿಫ್ಟ್ ಅಪರೂಪ. 14ನೇ ಲೈನಿನಲ್ಲಿ ಎಲ್ಲ ಕಡೆ ಇದೆ, ಸ್ಟ್ರೋಲರ್ ಇದ್ದವರಿಗೆ ಅದೇ ಗತಿ. ಸ್ಟೇಷನ್ನಿನ ಒಂದು ಹಾಲ್‌ನಲ್ಲಿ ಪ್ಲಾಟ್‌ಫಾರಂಗಳಿಗೆ ಅಕ್ಷರ, ಇನ್ನೊಂದರಲ್ಲಿ ನಂಬರು. ಯಾವುದು ಅಂತ ಬೋರ್ಡಿನಲ್ಲಿ ಹಾಕುವುದು ಹೊರಡೋದಕ್ಕೆ ಇಪ್ಪತ್ತು ನಿಮಿಷ ಇರುವಾಗ. ಬಾಗಿಲು ಎರಡು ನಿಮಿಷ ಮುಂಚೆಯೇ ಹಾಕುತ್ತಾರೆ. ನಮ್ಮಲ್ಲಿ ಹೊರಟ ರೈಲನ್ನೂ ಓಡಿ ಹತ್ತುವವರಿದ್ದಾರೆ, ಇಲ್ಲಿ ಆ ಆಟ ನಡೆಯಲ್ಲ. ಇವರು ಎರಡು ಸೂಟ್‌ಕೇಸ್ ಎಳೆದುಕೊಂಡು ಮುಂದೆ, ನಾನು ಸ್ಟ್ರೋಲರ್ ತಳ್ಳಿಕೊಂಡು ಹಿಂದೆ. ನಮ್ಮ ಬೋಗಿ ಯಾವಾಗಲೂ ಕೊನೆಯದೇ ಆಗಿರುತ್ತದಲ್ವಾ, ಆವತ್ತೂ ಹಾಗೇ.

ಪುಟ್ಟಿ ಮಲಗಲಿಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹಸುಗಳು ಹಾದುಹೋಗುತ್ತಿದ್ದರೆ ಯಾರು ತಾನೇ ಮಲಗುತ್ತಾರೆ? "ಅಂಬಾ ಹೋಯ್ತು! ಅಂಬಾ ಹೋಯ್ತು!" ಮೂರು ಸಲ ತಿಂಡಿ-ಕಾಫಿ ಸಿಗುವ ಬಾರ್ ಬೋಗಿಯವರೆಗೆ ನಡೆದಳು. ಅವಿನ್ಯೋಂಗೆ ಹತ್ತು ನಿಮಿಷ ಇದೆ ಅನ್ನುವಾಗ ನನ್ನ ಹೆಗಲ ಮೇಲೆ ಬಿದ್ದು ನಿದ್ದೆ ಹೋದಳು.

ಟಿಜಿವಿ ಸ್ಟೇಷನ್ನು ಊರಿನ ಹೊರಗಿದೆ, ಬಾಡಿಗೆ ಕಾರಿನ ಕೌಂಟರುಗಳು ಅಲ್ಲೇ ಇವೆ. ಬೆಂಗಳೂರಿನ ಆರ್‌ಟಿಓದಲ್ಲಿ ಮಾಡಿಸಿದ ಅಂತರರಾಷ್ಟ್ರೀಯ ಪರ್ಮಿಟ್ಟು, ಇವರ ಹೆಸರಿನ ಕ್ರೆಡಿಟ್ ಕಾರ್ಡು ಎರಡೂ ಕೊಟ್ಟದ್ದಾಯಿತು. ಆಮೇಲೆ ಬಂತು ನೋಡಿ ಮಗುವಿನ ಸೀಟು. ಬುಕ್ ಮಾಡುವಾಗ ವಯಸ್ಸು, ತೂಕ ಎಲ್ಲ ಬರೆದಿದ್ದೆವು. ತಂದಿಟ್ಟಿದ್ದು ಶಾಲೆಗೆ ಹೋಗುವ ಮಕ್ಕಳು ಕೂರುವ ಬರೀ ಮಣೆ! ಬೆಲ್ಟೇ ಇಲ್ಲ. ಬೇರೆ ಸೀಟು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮಿಸ್ತ್ರಾಲ್ ಅನ್ನುವ ಅಲ್ಲಿನ ಉತ್ತರದ ಗಾಳಿ ಪಾರ್ಕಿಂಗ್‌ನಲ್ಲಿ ಬೀಸುತ್ತಿತ್ತು. ಅದರ ನಡುವೆ ಇವರು ಹಿಂದಿನ ಸೀಟಿನ ಸಂದಿಯಲ್ಲಿ ಕೈ ತೂರಿಸಿ ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಹುಡುಕುತ್ತಿದ್ದರು. "ಟಕ್" ಅಂತ ಎರಡು ಸಲ ಕೇಳಬೇಕು. ಒಂದೇ ಸಲ ಕೇಳಿತು. ಮತ್ತೆ ತೆಗೆದು ಮತ್ತೆ ಹಾಕಿ, ಕೊನೆಗೆ ಎರಡನೇ ಟಕ್. ಆ ಸದ್ದಿಗೆ ಪುಟ್ಟಿ ಎದ್ದಳು.

ಗಾಡಿ ಓಡಿಸುವುದು ರಸ್ತೆಯ ಬಲಗಡೆ, ಸ್ಟೀರಿಂಗ್ ಎಡಗಡೆ. ಆಟೋಮ್ಯಾಟಿಕ್ ಜಾಸ್ತಿ ದುಡ್ಡು ಅಂತ ಗೇರಿನ ಕಾರು ತೊಗೊಂಡಿದ್ದೆವು. ಮೊದಲ ದಿನವೆಲ್ಲ ಇವರ ಎಡಗೈ ಗೇರು ಹುಡುಕಿ ಬಾಗಿಲಿಗೆ ಬಡಿಯುತ್ತಿತ್ತು. ಇಂಡಿಕೇಟರ್ ಅಂತ ಒತ್ತಿದರೆ ವೈಪರ್. ರೌಂಡ್‌ಅಬೌಟ್‌ನಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಹಳ್ಳಿಯೊಳಗೆ ಬೋರ್ಡಿಲ್ಲದ ಕೂಡುದಾರಿಯಲ್ಲಿ ಮಾತ್ರ ಬಲದಿಂದ ಬರುವವರಿಗೆ. ಎರಡನೆಯದನ್ನು ಕಲಿತಿದ್ದು ಒಬ್ಬ ಅಜ್ಜ ಹಾರ್ನ್ ಒತ್ತಿದ ಮೇಲೆ.

ಊಟದ್ದು ಬೇರೆ ಕಥೆ. ಹೋಟೆಲುಗಳು ರಾತ್ರಿ ಅಡುಗೆಮನೆ ತೆರೆಯೋದೇ ಏಳರ ಮೇಲೆ, ಪುಟ್ಟಿಗೆ ಹಸಿವಾಗೋದು ಆರಕ್ಕೆ. ಹಳ್ಳಿಮನೆ ಹಿಡಿದಿದ್ದೇ ಅದಕ್ಕೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಾಸ್ಮತಿ ಅಕ್ಕಿ, ಸಪ್ಪೆ ಮೊಸರು ಸಿಗುತ್ತದೆ. ಸಾಸಿವೆ ಪೊಟ್ಟಣ ಮನೆಯಿಂದಲೇ ಬಂದಿತ್ತು. ಬೆಳಿಗ್ಗೆ ಕ್ರೊಸಾಂ, ಸಂಜೆ ಮೊಸರನ್ನ. ಮೇ ತಿಂಗಳು, ಕತ್ತಲಾಗೋದು ಒಂಬತ್ತರ ಮೇಲೆ. ಆದರೆ ಅಲ್ಲಿನ ಕಿಟಕಿಗಳಿಗೆ ಹೊರಗಿನಿಂದ ಮರದ ಬಾಗಿಲು. ಮುಚ್ಚಿದರೆ ಎಂಟಕ್ಕೇ ನಡುರಾತ್ರಿ.

ಹಳ್ಳಿಮನೆಗೆ ಬಂದ ಮೂರನೇ ದಿನ ಪೋಂ ದ್ಯು ಗಾರ್. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ನೀಮ್ ಪಟ್ಟಣಕ್ಕೆ ನೀರು ಹರಿಸಲು ಕಟ್ಟಿದ ಸೇತುವೆ. ಮೂರು ಅಂತಸ್ತು, 49 ಮೀಟರ್ ಎತ್ತರ. ಇದರ ಮೇಲೆ ಹಾಯುವ ಸುಮಾರು 50 ಕಿಲೋಮೀಟರ್ ಉದ್ದದ ಕಾಲುವೆ ಒಟ್ಟು ಇಳಿಯುವುದು ಬರೀ 12-13 ಮೀಟರ್ ಅಂತೆ. ಇವರು ಬಾಯಿಬಿಟ್ಟುಕೊಂಡು ನಿಂತರು. ಪುಟ್ಟಿ ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ಅವಳಿಗೆ ಕಂಡಿದ್ದು ಕೆಳಗಿನ ಗಾರ್ಡೋಂ ನದಿ, ದಂಡೆಯ ತುಂಬ ನುಣ್ಣನೆ ಬಿಳಿ ಕಲ್ಲು. ಒಂದು ಕಲ್ಲು ಎತ್ತು, ಎರಡೂ ಕೈಯಲ್ಲಿ ಹಿಡಿ, ನೀರಿಗೆ ಹಾಕು, "ಡುಬುಕ್" ಅನ್ನು, ಮತ್ತೆ ವಾಪಸ್. ಮೂರು ಗಂಟೆ. ಮಧ್ಯಾಹ್ನಕ್ಕೆ ಲೆ ಬೋ ಕೋಟೆ ಅಂತ ಶೀಟಿನಲ್ಲಿತ್ತು. ಇವರು ಫೋನ್ ತೆಗೆದು ಆ ಸಾಲು ಅಳಿಸಿ, ಪ್ಯಾಂಟು ಮಡಚಿಕೊಂಡು ನೀರಿಗಿಳಿದರು.

ಆಮೇಲೆ ದಿನಕ್ಕೆ ಒಂದೇ ಜಾಗ. ಮಲಗುವ ಹೊತ್ತಿಗೆ ಕಾರು ಹತ್ತಿಸಿದರೆ ಐದು ನಿಮಿಷಕ್ಕೆ ನಿದ್ದೆ. ನಾವಿಬ್ಬರೂ ಮಾತಾಡದೆ ದ್ರಾಕ್ಷಿ ತೋಟಗಳ ನಡುವೆ ಸುತ್ತುತ್ತಿದ್ದೆವು.

ಕೊನೆ ದಿನ ಟ್ಯಾಂಕ್ ತುಂಬಿಸಿ ಕಾರು ವಾಪಸ್ ಕೊಟ್ಟೆವು. ಅಲ್ಲಿನ ಹುಡುಗ ಗೀರು ಇದೆಯಾ ಅಂತ ಸುತ್ತಲೂ ನೋಡಿದ, ಆಮೇಲೆ ಮಗುವಿನ ಸೀಟು ಬಿಚ್ಚಿ ಎತ್ತಿದ. ಅಡಿಯಲ್ಲಿ ಅರ್ಧ ಕ್ರೊಸಾಂ, ಒಂದು ಸಾಕ್ಸು, ನಾಲ್ಕು ಬಿಳಿ ಕಲ್ಲು. "ನಂದು!" ಅಂತ ಕೈ ಚಾಚಿದಳು ಪುಟ್ಟಿ.