ಆಕಾಶವಾಣಿ ಈರಣ್ಣ

ಎ.ಎಸ್. ಮೂರ್ತಿ ಅಂದರೆ ನಮ್ಮಪ್ಪನಿಗೆ ಥಟ್ಟನೆ ಹೊಳೆಯುವುದಿಲ್ಲ. ‘ಆಕಾಶವಾಣಿ ಈರಣ್ಣ’ ಅಂದರೆ ಸಾಕು, ಮುಖ ಅರಳುತ್ತದೆ. ಬೆಂಗಳೂರು ಆಕಾಶವಾಣಿಯಲ್ಲಿ ಮೂರ್ತಿಯವರು ಆಡಿದ ಆ ಪಾತ್ರ ಅವರ ಹೆಸರೇ ಆಗಿಹೋಯಿತು.

ರೇಡಿಯೋ ನಟನಿಗೆ ಬಣ್ಣವಿಲ್ಲ, ಬೆಳಕಿಲ್ಲ. ದೂರದಿಂದ ಕೂಗುವ ಮನುಷ್ಯನಾಗಬೇಕಾದರೆ ಮೈಕಿನಿಂದ ಹಿಂದೆ ಸರಿಯಬೇಕು. ಗುಟ್ಟು ಹೇಳಬೇಕಾದರೆ ಹತ್ತಿರ ಬರಬೇಕು. ಕೈಯಲ್ಲಿರುವ ಹಾಳೆ ಸದ್ದು ಮಾಡಬಾರದು. ಸುಮ್ನೆ ಓದಿದರೆ ಕೇಳುಗನಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಮೂರ್ತಿಯವರ ತಂದೆ ಎ.ಎನ್. ಸುಬ್ಬರಾವ್ ಚಿತ್ರಕಲಾವಿದರು, 1919ರಲ್ಲಿ ‘ಕಲಾಮಂದಿರ’ ಎಂಬ ಕಲಾಶಾಲೆ ಕಟ್ಟಿದವರು. ಮಗ ಬೀದಿನಾಟಕ ಆಡಿಸಿದರು, ‘ಅಭಿನಯ ತರಂಗ’ ಎಂಬ ಭಾನುವಾರದ ನಾಟಕ ಶಾಲೆ ಕಟ್ಟಿದರು. ನನಗೆ ಈ ಕೆಲಸದ ಮೇಲೇ ಜಾಸ್ತಿ ಗೌರವ. ವಾರವೆಲ್ಲ ಆಫೀಸು, ಕಾಲೇಜು ಅಂತ ಓಡಾಡುವವರೂ ಅಲ್ಲಿ ನಟನೆ ಕಲಿಯಬಹುದಿತ್ತು. 2012ರಲ್ಲಿ ಮೂರ್ತಿಯವರು ತೀರಿಕೊಂಡರು.