ಸಲಹಾ ಚೀಟಿಯ ಐದನೆಯ ಸಾಲು

ನಾಲ್ಕು ಮಡಿಕೆಯಾಗಿದ್ದ ಕಾಗದವನ್ನು ಆ ತಾಯಿ ಪರ್ಸಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯ ಮೇಲೆ ಅರಿಶಿನದ ಕಲೆ, ಕೆಳಗೆ ನನ್ನದೇ ಸಹಿ. ಐದನೆಯ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ನೀವೇ ಬರೆದಿದ್ದಲ್ಲವೇನಮ್ಮ?" ಎಂದು ಕೇಳಿದರು.

"ಒಬ್ಬರನ್ನೇ ಹೊರಗೆ ಕಳುಹಿಸಬೇಡಿ." ಅದು ಆ ಸಾಲು.

ಆರು ತಿಂಗಳ ಹಿಂದೆ ಮಗನ ಜೊತೆ ನಮ್ಮ ಮೆಮೊರಿ ಕ್ಲಿನಿಕ್‌ಗೆ ಬಂದಿದ್ದರು. ಸೋಮವಾರದ ಓಪಿಡಿ, ಒಂದು ಟೋಕನ್‌ಗೆ 20 ನಿಮಿಷ. ವಯಸ್ಸು 71, ಓದಿದ್ದು ಎಸ್‌ಎಸ್‌ಎಲ್‌ಸಿ. ನೆನಪು, ಯೋಚನೆಗಳನ್ನು ಅಳೆಯುವ ಮೋಕಾ ಪರೀಕ್ಷೆಯಲ್ಲಿ, ಓದು ಕಡಿಮೆ ಇದ್ದವರಿಗೆ ಸಿಗುವ ಒಂದು ಅಂಕ ಸೇರಿಸಿದರೂ 30ಕ್ಕೆ 23. ಬಿ12, ಥೈರಾಯ್ಡ್ ಸರಿಯಾಗಿದ್ದವು. ಡಾಕ್ಟರು ಫೈಲಿನಲ್ಲಿ ಎಂಸಿಐ, ಅಂದರೆ ವಯಸ್ಸಿಗೆ ಮೀರಿದ ಸೌಮ್ಯ ಮರೆವು, ಎಂದು ಬರೆದು ಕೌನ್ಸೆಲಿಂಗ್‌ಗೆ ನನ್ನ ಬಳಿ ಕಳುಹಿಸಿದರು. "ಕಳೆದ ವಾರ ಗಾಂಧಿ ಬಜಾರಿನಲ್ಲಿ ಚೀಲವನ್ನೇ ಮರೆತು ಬಂದಿದ್ದರು ಮೇಡಂ, ನಮಗೆ ಭಯವಾಗುತ್ತದೆ" ಎಂದರು ಮಗ. "ಆಮೇಲೆ ಏನಾಯಿತು?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಮರೆವು ಹೆಚ್ಚಿದ್ದರೂ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲರು ಎಂಬುದೇ ಎಂಸಿಐಯನ್ನು ಡಿಮೆನ್ಷಿಯಾದಿಂದ ಬೇರೆ ಮಾಡುವ ಗೆರೆ. ತರಬೇತಿಗೆ ಬರುವ ಹುಡುಗಿಯರಿಗೆ ಪ್ರತಿ ವರ್ಷ ನಾನೇ ಇದನ್ನು ಹೇಳಿಕೊಡುತ್ತೇನೆ. ಆದರೆ ನಮ್ಮ ಸಾಫ್ಟ್‌ವೇರಿನಲ್ಲಿ ‘ಮೆಮೊರಿ’ ಎಂದು ಒತ್ತಿದರೆ ಎರಡಕ್ಕೂ ಒಂದೇ ಟೆಂಪ್ಲೇಟ್ ತೆರೆದುಕೊಳ್ಳುತ್ತದೆ. ದಿನಕ್ಕೆ 30 ನಿಮಿಷ ನಡಿಗೆ, ಪದಬಂಧ, ಉಪ್ಪು ಕಡಿಮೆ, ನಿದ್ದೆ, ಅವುಗಳ ಕೆಳಗೆ ಈ ಐದನೆಯ ಸಾಲು. ಅದು ಕಣ್ಣಿಗೆ ಬಿದ್ದಿತ್ತು. ಮಗನ ಮುಖ ನೋಡಿ, ಇರಲಿ, ಜಾಗ್ರತೆಯಿಂದ ಏನು ನಷ್ಟ ಎಂದುಕೊಂಡು ಸಹಿ ಹಾಕಿದೆ.

ಫಾಲೋಅಪ್‌ನ ದಿನ ಮತ್ತೆ ಮೋಕಾ ಮಾಡಿದೆ. ಗಡಿಯಾರ ಬಿಡಿಸಿದರು. ಆಮೇಲೆ, ಮೊದಲು ಹೇಳಿಕೊಟ್ಟಿದ್ದ ಐದು ಪದಗಳನ್ನು ಕೇಳಿದೆ. ಒಂದು ಹೇಳಿ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆ ಹೊತ್ತಿನಲ್ಲಿ ನಾವು ಸುಳಿವು ಕೊಡುವಂತಿಲ್ಲ. ಹೊರಗೆ ಟೋಕನ್ ನಂಬರು ಕೂಗುತ್ತಿದ್ದರು. ಇನ್ನೊಂದು ಪದ ಬಂತು, ಮತ್ತೆ ಬರಲಿಲ್ಲ. ಒಟ್ಟು 21. ಎರಡು ಅಂಕ ಆ ದಿನದ ಏರಿಳಿತವೂ ಆಗಿರಬಹುದು, ಅದನ್ನೇ ಹಿಡಿದು ನಾನು ಏನನ್ನೂ ಹೇಳಲಾರೆ. ಆದರೆ ತೂಕ ನಾಲ್ಕು ಕಿಲೋ ಏರಿತ್ತು, ಬಿಪಿ 150/90 ಇತ್ತು. ಮೊದಲ ಸಲ ಮಗನ ಮಾತನ್ನು ನಡುನಡುವೆ ತಿದ್ದುತ್ತಿದ್ದವರು ಈ ಸಲ ಅವರ ಮುಖ ನೋಡಿಯೇ ಉತ್ತರ ಕೊಡುತ್ತಿದ್ದರು.

ಆಗ ಆ ಚೀಟಿ ಹೊರಗೆ ಬಂತು.

ಮಗನನ್ನು ಹೊರಗೆ ಕೂರಲು ಹೇಳಿ, ಮೊದಲು ಅವರ ದಿನ ಹೇಗಿತ್ತು ಎಂದು ಕೇಳಿದೆ. ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಗಾಂಧಿ ಬಜಾರಿಗೆ ನಡೆದೇ ಹೋಗುತ್ತಿದ್ದರಂತೆ. ಸೊಪ್ಪಿನವಳ ಬಳಿ ನಿನ್ನೆಯ ದರ ನೆನಪಿಸಿ ಚೌಕಾಸಿ ಮಾಡುವುದು, ಎರಡು ಮೊಳ ಮಲ್ಲಿಗೆ ಕೊಳ್ಳುವುದು. ಹೂವಿನವಳ ಮೊಳ ಗಿಡ್ಡ ಎಂದು ಸೆರಗು ಸರಿಸಿ ತಮ್ಮ ಮೊಣಕೈಯಿಂದಲೇ ಅಳೆದು ತೋರಿಸುತ್ತಿದ್ದರಂತೆ. ನನ್ನ ಮೇಜಿನ ಮೇಲೂ ಹಾಗೆಯೇ ಅಳೆದು ತೋರಿಸಿದರು. ಈಗ ಸೊಪ್ಪು, ಹೂವು ಎಲ್ಲ ಮೊಬೈಲಿನಲ್ಲೇ ಬರುತ್ತದೆ. ನಡಿಗೆ ಎಂದು ತಾರಸಿಯ ಮೇಲೆ ಒಂದು ವಾರ ಸುತ್ತಿದರು, ಬಿಟ್ಟರು. ಸೊಸೆ ತಂದ ಪದಬಂಧದ ಪುಸ್ತಕದಲ್ಲಿ ತುಂಬಿದ್ದು ಮೊದಲ ಪುಟ ಮಾತ್ರ.

"ಆ ಚೀಲ ಏನಾಯಿತಮ್ಮ?"

"ಬುಲ್ ಟೆಂಪಲ್ ರಸ್ತೆಗೆ ಬರುವಾಗ ಕೈ ಹಗುರ ಎನಿಸಿತು. ಎಲ್ಲೆಲ್ಲಿ ನಿಂತಿದ್ದೆ ಎಂದು ಒಂದೊಂದಾಗಿ ನೆನೆಸಿಕೊಂಡೆ. ವಾಪಸು ಹೋದೆ. ಹೂವಿನವಳು ತೆಗೆದಿಟ್ಟಿದ್ದಳು."

ಮರೆತದ್ದನ್ನು ಗುರುತಿಸಿ, ಹೆಜ್ಜೆ ಹಿಂದಕ್ಕೆ ಎಣಿಸಿ, ತಾವೇ ಹೋಗಿ ತಂದಿದ್ದರು. ಅವರ ಶಕ್ತಿಗೆ ಸಾಕ್ಷಿಯಾಗಬೇಕಿದ್ದ ಸಂಗತಿಯನ್ನು ನಾನು ಅವರ ವಿರುದ್ಧ ಬಳಸಿದ್ದೆ.

ಫಿನ್ಲೆಂಡಿನ ‘ಫಿಂಗರ್’ ಅಧ್ಯಯನವನ್ನು ನಾವೆಲ್ಲ ಸ್ಲೈಡಿನಲ್ಲಿ ತೋರಿಸುತ್ತೇವೆ. 60ರಿಂದ 77 ವರ್ಷದ 1260 ಮಂದಿ, ಎರಡು ವರ್ಷ, ಆಹಾರ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿಯಂಥವುಗಳ ನಿಗಾ. ಒಟ್ಟಿಗೆ ಮಾಡಿದಾಗ ಮೆದುಳಿನ ಸಾಮರ್ಥ್ಯಕ್ಕೆ ಚಿಕ್ಕದಾದರೂ ಪ್ರಯೋಜನ ಕಂಡಿತು ಎಂದು 2015ರಲ್ಲಿ ಪ್ರಕಟವಾಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ ದಾರಿಯಾಗಬಲ್ಲ 14 ಅಪಾಯಗಳಲ್ಲಿ ಮೈ ಅಲುಗಾಡದಿರುವುದೂ ಜನರಿಂದ ದೂರವಾಗುವುದೂ ಇವೆ. ನಡಿಗೆ, ಲೆಕ್ಕ, ನೆನಪು, ಮಾತುಕತೆ ಎಲ್ಲವೂ ಆ ಬೆಳಗಿನ ಬಜಾರಿನಲ್ಲೇ ಇದ್ದವು. ಅದನ್ನು ಕಿತ್ತುಕೊಂಡು ಪದಬಂಧ ಕೊಟ್ಟವಳು ನಾನು.

ಮಗನನ್ನು ಒಳಗೆ ಕರೆದು ತಪ್ಪು ನನ್ನದು ಎಂದು ಹೇಳಿದೆ. ಒಪ್ಪಲು ಅವರಿಗೆ ಹೊತ್ತು ಹಿಡಿಯಿತು. ಬಿದ್ದರೆ ಯಾರು ಹೊಣೆ ಎಂದರು, ಆ ಪ್ರಶ್ನೆಯೂ ನ್ಯಾಯವೇ. ಮೊಬೈಲ್ ಜೊತೆಗಿರಬೇಕು, ಪರ್ಸಿನಲ್ಲಿ ವಿಳಾಸದ ಚೀಟಿ ಇರಬೇಕು, ದಾರಿ ಬದಲಿಸಬಾರದು, ಮೊದಲ ವಾರ ಸೊಸೆ ಜೊತೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಬಿಪಿ ಮಾತ್ರೆಯನ್ನು ಡಾಕ್ಟರು ಬದಲಿಸಿದರು. ಈಗ ಮತ್ತೆ ಹೋಗುತ್ತಿದ್ದಾರೆ. ಮುಂದಿನ ಮೋಕಾಗೆ ಇನ್ನೂ ಮೂರು ತಿಂಗಳಿದೆ.

ಟೆಂಪ್ಲೇಟನ್ನು ಬೇರೆ ಮಾಡಿ ಎಂದು ಆಡಳಿತಕ್ಕೆ ಮೂರು ಬಾರಿ ಬರೆದಿದ್ದೇನೆ. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ಎಂಸಿಐ ಎಂದು ಬರೆದ ಪ್ರತಿ ಫೈಲಿನ ಪ್ರಿಂಟ್ ಮೇಲೂ ಐದನೆಯ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಅವರು ದಿನವೂ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ಬರೆಯುತ್ತಿದ್ದೇನೆ.